ಹೊಲಿಗೆ ಕೂಡುವಲ್ಲಿ

ಕೌಲ್ ಬಜಾರಿನ ಆ ಓಣಿಯಲ್ಲಿ ನನ್ನ ಹೆಸರು
ರಕ್ತದಾಕಿ.
ಹೆಗಲಿಗೆ ಐಸ್ ಡಬ್ಬಿ, ಕೈಯಲ್ಲಿ ಒಪ್ಪಿಗೆ ಪತ್ರ.
ನನಗಿಂತ ಮೊದಲು ನಾಯಿಗಳಿಗೆ ಗೊತ್ತು ನಾನು ಬಂದದ್ದು.

ಖಾಸಿಂಬಿ ಮಷೀನು ಬಿಟ್ಟು ಏಳುವುದಿಲ್ಲ.
ಎಡಗೈ ನನಗೆ ಕೊಟ್ಟು
ಬಲಗೈಯಲ್ಲಿ ಜೀನ್ಸಿನ ದಾರ ಕತ್ತರಿಸುತ್ತಾಳೆ.
ತೊಳೆದರೂ ಬಿಡದ ಬಣ್ಣದ ನೀಲಿ ಯಾವುದು,
ನರದ ನೀಲಿ ಯಾವುದು,
ಎರಡು ಸಲ ಒತ್ತಿ ನೋಡಬೇಕು ನಾನು.

"ಏನ್ ಬರದೈತ್ರಿ ಇದ್ರಾಗ?"
ಡೆಂಗಿ ಹೋದರೂ ಅದರ ನೆನಪು ನಿಮ್ಮ ರಕ್ತದಲ್ಲಿದೆ,
ಅದನ್ನು ಕೊಡಿ ಎಂದು.
"ಅಂದ್ರ ಕೌಲು," ಎಂದಳು,
ಉರ್ದುವಿನಲ್ಲಿ ಸಹಿ ಹಾಕಿದಳು, ಬಲದಿಂದ ಎಡಕ್ಕೆ.

ಜ್ವರ ಬಂದದ್ದು ಎರಡು ಸಲ.
ಮೊದಲನೆಯದು ಮೂರು ದಿನದ ಮೈಕೈ ನೋವು.
ಎರಡನೆಯದು ವಸಡಿನ ರಕ್ತ, ಹನ್ನೊಂದು ರಾತ್ರಿ ಐಸಿಯು.
ಯಾಕೆ ಹಾಗಾಯಿತೆಂದು ನಾನವಳಿಗೆ ಹೇಳಿಲ್ಲ:
ಮೊದಲ ಜ್ವರ ನಿಲ್ಲಿಸಿಹೋದ ಕಾವಲುಗಾರರೇ
ಎರಡನೆಯದನ್ನು ಕೈಹಿಡಿದು ಒಳಗೆ ಕರೆತಂದಿರಬೇಕು.
ಅರ್ಧ ಗುರುತು ಹಿಡಿದವರು ಹಾಗೇ.

ವೈರಸ್ಸೆಂದರೆ ಲಕೋಟೆ. ಒಳಗೊಂದೇ ಚೀಟಿ.
ಲಕೋಟೆಯೊಳಗೆ ಕೋಟೆ ಕೂತಿದೆ, ಪದದಲ್ಲೇ ನೋಡಿ.
ಲ್ಯಾಬಿನ ಕಿಟಕಿಯಾಚೆ ಗುಡ್ಡದ ಮೇಲಿರುವುದಕ್ಕೆ
ಬಾಗಿಲಾದರೂ ಉಂಟು.
ಇದರ ಗೋಡೆ ನೂರಾ ಎಂಬತ್ತು ತುಂಡು ಪ್ರೋಟೀನು,
ಎರಡೆರಡು ಒತ್ತಿ ಮಲಗಿ ತೊಂಬತ್ತು ಜೋಡಿ.

ಒಂದು ತುಂಡನ್ನು ಬಿಡಿಯಾಗಿ ಮಾಡಿಕೊಂಡೆವು,
ಹೊಳೆಯುವ ಬಣ್ಣ ಕಟ್ಟಿ ಗಾಳ ಹಾಕಿ ಕೂತೆವು.
ಖಾಸಿಂಬಿಯ ಕೋಶಗಳು ಹನಿಹನಿಯಾಗಿ
ಲೇಸರಿನ ಮುಂದೆ ಹಾದವು, ಲಕ್ಷಗಟ್ಟಲೆ.
ಕಚ್ಚಿದ್ದನ್ನು ಗುಳಿಗೊಂದರಂತೆ ಇಳಿಸಿ
ಅದರ ಜೀನು ಓದಿದೆವು.
(ನಿಮ್ಮ ಜೀನು ನಮ್ಮ ಹತ್ತಿರ ಇದೆ ಎಂದದ್ದಕ್ಕೆ
ಬಿದ್ದು ಬಿದ್ದು ನಕ್ಕಳು:
"ದಿನಕ್ಕ ನಲವತ್ತು ಹೊಲೀತೀನಿ, ಒಂದು ಇಟ್ಕೊಳ್ರಿ.")

ಎಂಟು ತಿಂಗಳು.
ಸಿಕ್ಕವೆಲ್ಲ ಅದೇ ಅರ್ಧ ಗುರುತಿನವು.
ಅಂಟುತ್ತವೆ, ತಡೆಯುವುದಿಲ್ಲ.
ಏಪ್ರಿಲ್. ಎಸಿಯ ಜಾಲರಿಯಲ್ಲಿ ಅದಿರಿನ ಕೆಂಪು ದೂಳು.
ಕರೆಂಟು ಹೋದ ರಾತ್ರಿ ಫ್ರೀಜರಿನ ಬಾಗಿಲು ತೆರೆಯದಂತೆ
ಬೆನ್ನು ಕೊಟ್ಟು ಕೂತಿದ್ದೆ,
ಮಲ್ಲನಗೌಡ ಬೈಕಿನಲ್ಲಿ ಡೀಸೆಲ್ ತರುವ ತನಕ.

ಮತ್ತೊಂದು ಸಲ ಹೋದಾಗ
ತಿರಸ್ಕೃತ ಪ್ಯಾಂಟೊಂದನ್ನು ಬೆಳಕಿಗೆ ಹಿಡಿದಿದ್ದಳು.
"ಬಟ್ಟಿ ಯಾರ್ ನೋಡ್ತಾರ್ರಿ? ಬಟ್ಟಿ ಎಲ್ಲಾ ಕಡೆ ಒಂದೇ.
ಎರಡು ತುಂಡು ಕೂಡೋ ಜಾಗ ನೋಡ್ಬೇಕು."

ಇದರಿಂದಲೇ ಹೊಳೆಯಿತು ಎಂದರೆ ಸುಳ್ಳಾಗುತ್ತದೆ.
ಇಡೀ ವೈರಸ್ಸನ್ನೇ ಗಾಳಕ್ಕೆ ಕಟ್ಟೋಣವೆಂದು
ಮಲ್ಲನಗೌಡ ಜನವರಿಯಲ್ಲೇ ಹೇಳಿದ್ದ,
ದುಡ್ಡಿರಲಿಲ್ಲ.
ಆದರೂ ಅವತ್ತು ಬಸ್ಸಿನಲ್ಲಿ ಊರುದ್ದಕ್ಕೂ
ನನ್ನ ತೋಳಿನ ಹೊಲಿಗೆಯನ್ನೇ ತಡವುತ್ತಾ ಬಂದೆ.

ಜಿ ಸಾಲು, ಏಳನೆಯ ಗುಳಿ.
ಬಿಡಿ ತುಂಡು ಕೊಟ್ಟರೆ ಮುಖ ತಿರುಗಿಸುವ ಪ್ರತಿಕಾಯ.
ಇಡೀ ಲಕೋಟೆ ಕೊಟ್ಟೆವು:
ಜೋಡಿ ಕೂಡುವ ಗೆರೆಯ ಮೇಲೆ
ಕವಲಿನ ತುದಿ ಊರಿ ಕೂತುಬಿಟ್ಟಿತು.
ಐದನೆಯ ದಿನ ಪ್ಲೇಟಿನಲ್ಲಿ ಕೋಶಗಳ ಹಾಸು
ಹೊಸ ಥಾನಿನ ಹಾಗೆ. ಒಂದೂ ತೂತಿಲ್ಲ.
ನಾಲ್ಕು ಸಲ ಎಣಿಸಿದೆ, ಇಲ್ಲದ ತೂತುಗಳನ್ನು.

ಅದರ ಬುಡವನ್ನೂ ಕೊಂಚ ತಿದ್ದಿದೆವು,
ಇನ್ಯಾರನ್ನೂ ಕೈಹಿಡಿದು ಒಳಗೆ ಕರೆಯದಂತೆ.

"ಹೆಸರೇನಿಟ್ರಿ?"
ಬಿ ಮೂವತ್ತೊಂದು, ಜಿ ಏಳು.
"ಬ್ಯಾಚ್ ನಂಬರ್ ಅಲ್ಲೇನ್ರಿ ಇದು?"
ಹೌದು ಎಂದೆ. ಇಲಿಗಳ ಮೇಲೆ ನೋಡಬೇಕು ಎಂದೆ.
ಮದ್ದಾಗಲು ಹತ್ತು ವರ್ಷವೋ, ಆಗದೆಯೇ ಹೋದೀತೋ,
ಅದು ಕೌಲಿನಲ್ಲಿ ಬರೆದಿರಲಿಲ್ಲ.

ಅವಳು ಏನೂ ಅನ್ನಲಿಲ್ಲ.
ಕಂಡರಿಯದ ಯಾವುದೋ ಕಂಪನಿಯ ಲೇಬಲ್ಲನ್ನು
ಸೊಂಟದ ಪಟ್ಟಿಯ ಮೇಲೆ ನೆಟ್ಟಗೆ ಇಟ್ಟು
ಕಾಲು ಒತ್ತಿದಳು.