ಮಂಡಿ ಲೆಕ್ಕ

ಸೋಮವಾರ ಮ್ಯೂಸಿಯಮ್ಮಿಗೆ ರಜೆ. ನಮಗಿಲ್ಲ.
ಗೋಡೆಯಗಲದ ಗಾಜಿನ ಗಡಿಯಾರದ ಒಳಗಡೆ ಕೂತರೆ
ಅಂಕಿಗಳು ತಿರುಗುಮುರುಗು,
ಅವುಗಳ ಸಂದಿಯಲ್ಲಿ ಸೀನ್ ನದಿ.
ಬಕಾರಿ, ಗಿಸ್ಲೆನ್, ನಾನು
ಡಬ್ಬಿ ಬಿಚ್ಚಿ ಪಟ್ಟಿ ಮಾಡುತ್ತೇವೆ:
ಯಾವ ಚಿತ್ರ ಮೊದಲು, ಯಾವುದು ಆಮೇಲೆ.
ಕಾವಲಿನವರಲ್ಲಿ ಯಾರಾದರೂ ನಿವೃತ್ತರಾಗುವಾಗ
ಹೀಗೊಂದು ಪಂಚಾಯಿತಿ ನಡೆಯಬೇಕು.
ಈ ಸಲ ನನ್ನದು.

ಕಪ್ಪೆ ತೂಗುವ ಕೆಲಸ.
ಬಣವೆಯನ್ನು ತಕ್ಕಡಿಗಿಟ್ಟರೆ
ನೈದಿಲೆಯ ಕೊಳ ಹಾರುತ್ತದೆ,
ಕೊಳವನ್ನು ಹಿಡಿದು ತಂದರೆ
ಮರದಡಿ ಕುಣಿಯುವ ಭಾನುವಾರದ ಹುಡುಗಿಯರು
ಜಿಗಿದು ಹೊರಗೆ.

ಜನ ಮೆಚ್ಚಿದ್ದು ಯಾವುದೆಂದು ನೆಲವನ್ನು ಕೇಳಿ:
ಆ ಕುಣಿತದ ಮುಂದೆ ಹಲಗೆ ಸವೆದು ಬೆಳ್ಳಗಾಗಿದೆ.
ಚರ್ಚಿನ ಚಿತ್ರಗಳ ಮುಂದೆ ಮಾತ್ರ,
ಬೆಳಗಿನ ಚರ್ಚು, ಮಧ್ಯಾಹ್ನದ ಚರ್ಚು, ಮೋಡದ ಚರ್ಚು,
ಟಾಯ್ಲೆಟ್ ಎಲ್ಲಿದೆ ಎಂದು ಕೇಳುವವರೇ ಹೆಚ್ಚು.

ಬಕಾರಿಯದು ಒಂದೇ ಹಟ:
ಹಿಮದ ಬೇಲಿಯ ಮೇಲೆ ಕೂತ
ಆ ಕಪ್ಪು-ಬಿಳಿ ಹಕ್ಕಿಯೇ ಮೊದಲು.
"ನಾನು ಬಂದ ವರ್ಷ ಹಿಮ ಅಂದರೆ
ಬಸ್ ನಿಲ್ದಾಣದ ಕೆಸರು.
ಇಲ್ಲಿ ನಿಂತ ಮೇಲೆ ತಿಳಿಯಿತು, ಅದರ ನೆರಳು ನೀಲಿ.
ಸಂಜೆ ಮನೆಗೆ ಹೋಗುತ್ತ ಬಗ್ಗಿ ನೋಡಿದೆ,
ಹೌದು, ನೀಲಿಯೇ.
ಊರಲ್ಲಿ, ಕಾಯ್‌ನಲ್ಲಿ, ನಾವು ನೆರಳಲ್ಲಿ ಕೂರುತ್ತಿದ್ದೆವು.
ನೆರಳನ್ನು ಯಾರು ನೋಡುತ್ತಿದ್ದರು?"

ಗಿಸ್ಲೆನ್ ತೊಟ್ಟಿಲಿನ ಚಿತ್ರಕ್ಕೆ ಎರಡನೆಯ ಸ್ಥಾನ ಕೊಡುತ್ತಾಳೆ.
ಪ್ರತಿಸಲವೂ ಎರಡನೆಯದು.
ಸೊಳ್ಳೆಪರದೆಯಾಚೆ ಮಗು, ಕೆನ್ನೆಗೆ ಕೈಯಿಟ್ಟು ನೋಡುವ ತಾಯಿ.
ಆ ಕೋಣೆಯ ಪಾಳಿ ಬಂದರೆ
ಹದಿನಾರು ವರ್ಷದಿಂದ ಯಾರೊಂದಿಗಾದರೂ ಬದಲಾಯಿಸಿಕೊಳ್ಳುತ್ತಾಳೆ.
"ಎರಡು" ಎಂದು ಹೇಳುವಾಗ ಅಗಿಯುವುದನ್ನು ನಿಲ್ಲಿಸುತ್ತಾಳೆ.
ನಾವು ಬ್ರೆಡ್ಡು ಹರಿಯುತ್ತೇವೆ.

ನನ್ನದು ನೆಲ ಕೆರೆಯುವವರು.
ಅಂಗಿಯಿಲ್ಲದ ಮೂವರು, ಮಂಡಿಯೂರಿ,
ಕಿಟಕಿಯಿಂದ ಬಂದ ಬೆಳಕಿನಲ್ಲಿ
ಸುರುಳಿ ಸುರುಳಿ ಹೊಟ್ಟು.
ಗಿಸ್ಲೆನ್ ತಕರಾರು ತೆಗೆಯುತ್ತಾಳೆ:
ಅದು ಈ ಪಂಗಡದ್ದೇ ಅಲ್ಲ,
ಗೆರೆ ಗಟ್ಟಿ, ಬೆಳಕು ಕರಗಿಲ್ಲ.
ಕರಗಿಲ್ಲ, ನಿಜ.
ಬೆಳಕು ನೆಲಕ್ಕೆ ಬಿದ್ದು ಅಂಟಿಕೊಂಡಿದೆ,
ಅದನ್ನೇ ಕೆರೆಯುತ್ತಿದ್ದಾರೆ ಪಾಪ.

ಅಪ್ಪನನ್ನು ಒಮ್ಮೆ ಕರೆತಂದಿದ್ದೆ,
ತಿಂಗಳ ಮೊದಲ ಭಾನುವಾರ, ಟಿಕೆಟ್ ಇಲ್ಲದ ದಿನ.
ಮೂವತ್ತೆಂಟು ವರ್ಷ ಸಿರಿವಂತರ ಮನೆಗಳ
ಓಕ್ ಹಲಗೆ ಉಜ್ಜಿದವನು,
ಆ ಮನೆಗಳಲ್ಲಿ ನಿಂತು ನಡೆದದ್ದು ಕಡಿಮೆ.
ನೈದಿಲೆಯ ಮುಂದೆ ಕೇಳಿದ: "ಎಷ್ಟು?"
ಬೆಲೆ ಹೇಳುವಂತಿಲ್ಲ ಅಂದೆ.
"ಬೆಲೆಯಲ್ಲ ಕಣೇ, ಎಷ್ಟು ದಿನದ ಕೆಲಸ?"

ಈ ಮೂವರ ಮುಂದೆ ಮಾತ್ರ ಟೋಪಿ ತೆಗೆದ.
ಬಹಳ ಹೊತ್ತು.
"ಬಲಗಡೆಯವನು ಪಕ್ಕದವನಿಗೆ ಏನೋ ಹೇಳುತ್ತಿದ್ದಾನೆ.
ಬಾಡಿಗೆ ವಿಷಯ ಇರಬೇಕು.
ವೈನಿನ ಸೀಸೆ ಪಕ್ಕದಲ್ಲೇ ಇದೆ, ಪುಣ್ಯವಂತರು.
ಮಂಡಿಗೆ ಬಟ್ಟೆ ಕಟ್ಟಿಲ್ಲ, ನೋಡು.
ನಲವತ್ತಾಗಲಿ, ಗೊತ್ತಾಗುತ್ತೆ."
ಆಮೇಲೆ ಚಿತ್ರಕ್ಕೆ ಬೆನ್ನು ಮಾಡಿ, ಬಗ್ಗಿ,
ಮ್ಯೂಸಿಯಮ್ಮಿನ ನೆಲದ ಮೇಲೆ ಅಂಗೈ ಆಡಿಸಿ
ತೀರ್ಪು ಕೊಟ್ಟ: "ಯಂತ್ರದ ಕೆಲಸ."

ಹಳೆಯ ಪಟ್ಟಿಗಳೆಲ್ಲ ಲಾಕರಿನ ಬಾಗಿಲ ಒಳಗೆ ಅಂಟಿವೆ.
ಒಂದೂ ಇನ್ನೊಂದರಂತಿಲ್ಲ.
ನಾನು ಸೇರುವ ಮುಂಚೆ ಹೋದ ಯಾರೋ ಪುಣ್ಯಾತ್ಮ
ಮೊದಲ ಸ್ಥಾನಕ್ಕೆ ಬರೆದಿದ್ದಾನೆ: ಕುರ್ಚಿ.
ಮಿಕ್ಕ ಒಂಬತ್ತೂ ಖಾಲಿ.

ಗಿಸ್ಲೆನ್ ಟಿಕೆಟ್ಟಿನ ಹಿಂಬದಿಗೆ ನಮ್ಮದನ್ನೂ ಬರೆದಳು.
ಮೊದಲನೆಯದಕ್ಕೆ ಎರಡು ಹೆಸರು, ಒಂದರ ಮೇಲೊಂದು,
ಯಾರೂ ಸೋಲಲಿಲ್ಲ.
ಹಕ್ಕಿಯನ್ನು ಕೊನೆಯ ಸಲ ನೋಡೋಣವೆಂದು
ಮೂವರೂ ಹೋದೆವು.
ನೆರಳನ್ನು ಹತ್ತಿರದಿಂದ ನೋಡಲು ಕುಕ್ಕರುಗಾಲಲ್ಲಿ ಕೂತೆ.
ಏಳುವಾಗ ಮಂಡಿ ಚಟ್ ಅಂದಿತು.
ಖಾಲಿ ಕೋಣೆ, ಅಷ್ಟು ಸದ್ದು,
ಬೇಲಿಯ ಮೇಲಿನದು ಕದಲಲಿಲ್ಲ.

ಬಕಾರಿ ಅದಕ್ಕೆ ಅರ್ಧ ಅಂಕ ಹೆಚ್ಚು ಕೊಟ್ಟ.