ಹೇಳದೆ ಬಿಟ್ಟ ಎರಡು ಅರ್ಶೀನ್

ಇಪ್ಪತ್ತಾರನೆಯ ಇಸವಿ. ಸುಖೋನಾ ನದಿಯ ಹಿಮ ಇನ್ನೂ ಒಡೆದಿರಲಿಲ್ಲ.
ತೋತ್ಮಾದ ದಾಖಲೆ ಕಚೇರಿಯಲ್ಲಿ
ನಾನು ಹೊಸ ಗುಮಾಸ್ತ, ವಯಸ್ಸು ಹತ್ತೊಂಬತ್ತು,
ಮೇಜಿನ ಮೇಲೆ ಮಾಸ್ಕೋದಿಂದ ಬಂದ ಕೋಷ್ಟಕ,
ಮಡಿಕೆ ಬಿಚ್ಚಿದರೆ ಹಸಿ ಶಾಯಿಯ ವಾಸನೆ.

ಹದಿನಾರು ವೆರ್ಶೋಕ್ ಸೇರಿ ಒಂದು ಅರ್ಶೀನ್,
ಅರ್ಶೀನ್ ಮೂರಾದರೆ ಸಾಝೆನ್, ದೊಡ್ಡಾಳಿನ ಒಂದು ಮಾರು,
ಸಾಝೆನ್ ಐನೂರು ನಡೆದರೆ ವೆರ್ಸ್ತ್,
ಅಲ್ಲೊಂದು ಪಟ್ಟೆ ಬಳಿದ ಕಂಬ,
ಕಂಬಕ್ಕೆ ಕಾಲೆತ್ತುವ ನಾಯಿ.
ನಾಯಿ ಕೋಷ್ಟಕದಲ್ಲಿಲ್ಲ, ನಾನು ಸೇರಿಸಿದ್ದು.
ಮಿಕ್ಕಿದ್ದೆಲ್ಲ ಬಾಯಿಪಾಠ.

ಹಳೆಯದನ್ನೆಲ್ಲ ಮೀಟರಿಗೆ ಇಳಿಸಿ ಎಂದು ಹುಕುಂ.
ಇಳಿಸುತ್ತಾ ಹೋದೆ:
ಬಾವಿಯ ಆಳ, ಚರ್ಚಿನ ಗಂಟೆಯ ಹಗ್ಗ,
ಅಣ್ಣತಮ್ಮಂದಿರಿಬ್ಬರು ತಲೆ ಒಡೆದುಕೊಂಡ ಬೇಲಿ.
ಆಮೇಲೆ ಜರ್ಮನ್ ಯುದ್ಧಕ್ಕೆ ಹೋದವರ ಪಟ್ಟಿ.
ಹೆಸರು, ಹಳ್ಳಿ, ಕಣ್ಣಿನ ಬಣ್ಣ, ಎತ್ತರ.

ಗ್ಲಿಕೇರಿಯಾ ಬಂದದ್ದು ಅಂಥ ಒಂದು ಮಧ್ಯಾಹ್ನ.
ಉಣ್ಣೆಯ ಬೂಟಿನ ಹಿಮವನ್ನು ಹೊಸ್ತಿಲಲ್ಲೇ ಕೊಡವಿ
ಒಳಗೆ ಬಂದು, ಕೂರದೆ, ಹೇಳಿದಳು:
ಮನೆ ಕಟ್ಟಿಸುತ್ತಿದ್ದೇನೆ. ಬಡಗಿ ಹುಡುಗರು ಹೊಸಬರು,
ಮೀಟರಿನಲ್ಲಿ ಹೇಳು ಅನ್ನುತ್ತಾರೆ.
ನನ್ನವನು ತಲೆ ಬಗ್ಗಿಸದೆ ಒಳಗೆ ಬರುವಷ್ಟು
ಬಾಗಿಲು ಬೇಕು.
ಹದಿನೈದರಲ್ಲಿ ಹೋದ. ಸತ್ತ ಅಂತ ಯಾರೂ ಬರೆದಿಲ್ಲ.

ಪುಟ ಹುಡುಕಿದೆ. ನಿಕಾಂದ್ರ್, ಬೂದುಗಣ್ಣು, ಎತ್ತರ ಐದು ವೆರ್ಶೋಕ್.
ಗುಣಿಸಿದೆ. ದಶಾಂಶ ತಪ್ಪಿರಲಿಲ್ಲ, ಈಗಲೂ ಪ್ರಮಾಣ ಮಾಡಿ ಹೇಳುತ್ತೇನೆ.
ಇಪ್ಪತ್ತೆರಡು ಸೆಂಟಿಮೀಟರ್, ಎಂದೆ.

ಅಂದರೆ ಎಷ್ಟು?

ಹೆಬ್ಬೆರಳು ಕಿರುಬೆರಳು ಅಗಲಿಸಿ ತೋರಿಸಿದೆ,
ಸರಿಯಾಗಿ ಒಂದು ಗೇಣು.

ಆಕೆ ನನ್ನ ಕೈಯನ್ನೇ ನೋಡಿದಳು, ತುಂಬ ಹೊತ್ತು.
ಹುಟ್ಟಿದಾಗಲೂ ಇದಕ್ಕಿಂತ ಉದ್ದವಿದ್ದನಂತೆ,
ಅವನ ತಾಯಿ ಹೇಳುತ್ತಿದ್ದಳು, ಎಂದಳು.

ಒಲೆಯ ಪಕ್ಕ ತೂಕಡಿಸುತ್ತಿದ್ದ ಪಾರ್ಫೆನ್ ಸಾವಿಚ್,
ನಲವತ್ತು ವರ್ಷ ಅದೇ ಕುರ್ಚಿ ಸವೆಸಿದವನು,
ಕಣ್ಣು ತೆರೆಯದೆ ನಕ್ಕ.
ಅಯ್ಯೋ ಮಂಕೇ,
ಅದು ಎರಡು ಅರ್ಶೀನಿನ ಮೇಲಿನ ಲೆಕ್ಕ.
ಕೆಳಗಿನ ಎರಡನ್ನು ಯಾರು ಬರೆಯುತ್ತಾರೆ?
ಮನುಷ್ಯ ಅಂದಮೇಲೆ ಅಷ್ಟು ಇದ್ದೇ ಇರುತ್ತದೆ.

ಮತ್ತೆ ಲೆಕ್ಕ. ನೂರ ಅರವತ್ತನಾಲ್ಕೂವರೆ.
ಸಂಖ್ಯೆ ಬೇಡ, ದಾರ ಕೊಡು, ಎಂದಳು.
ಕಡತ ಕಟ್ಟುವ ದಾರವನ್ನೇ ಅಳೆದು ಕತ್ತರಿಸಿದೆ.
ಒಂದು ತುದಿಯನ್ನು ಬೂಟಿನಡಿ ಮೆಟ್ಟಿ
ಇನ್ನೊಂದನ್ನು ಎಳೆದು ನಿಂತಳು.
ಅವಳ ಹುಬ್ಬಿಗೆ ಬಂತು.

ಕಚೇರಿಯಲ್ಲಿ ಒಲೆಯೊಂದೇ ಸದ್ದು ಮಾಡುತ್ತಿತ್ತು.

ಇಷ್ಟೇನಾ, ಎಂದಳು. ನಾನು ಯಾವಾಗಲೂ
ಕತ್ತೆತ್ತಿಯೇ ನೋಡುತ್ತಿದ್ದೆನಲ್ಲ.
ಆಮೇಲೆ ಗಂಟಲು ಸರಿಮಾಡಿಕೊಂಡು,
ಟೋಪಿಗೆ ಎರಡು ವೆರ್ಶೋಕ್ ಸೇರಿಸು, ಎಂದಳು.
ಚಳಿಗಾಲದಲ್ಲಿ ಬಂದರೆ?

ಸೇರಿಸಿದೆ. ಗಂಟು ಹಾಕಿ, ದಾರ ಸುತ್ತಿ,
ಕೈಗವಸಿನೊಳಗೆ ಇಟ್ಟುಕೊಂಡು ಹೋದಳು.
ಆ ಬಾಗಿಲನ್ನು ನಾನು ನೋಡಿಲ್ಲ.

ಸಂಜೆ ಪಟ್ಟಿಯ ಹಿಂದಿನ ಪುಟ ತಿರುವಿದೆ.
ಆ ವಾರ ನಾನು ಗೇಣಿಗಿಳಿಸಿದ್ದ ಗಂಡಸರು ಮುನ್ನೂರ ಹನ್ನೊಂದು,
ನೇಗಿಲು ಹಿಡಿದವರು, ದೋಣಿ ಎಳೆದವರು,
ಎಲ್ಲರೂ ಕಪಾಟಿನ ಗೊಂಬೆಗಳಂತೆ ಸಾಲಾಗಿ.
ಪಾರ್ಫೆನ್ ದೀಪಕ್ಕೆ ಎಣ್ಣೆ ಹಾಕಿ ಮನೆಗೆ ಹೋದ.
ಒಬ್ಬೊಬ್ಬನಿಗೂ ನೂರ ನಲವತ್ತೆರಡು ಕೂಡಿಸುತ್ತಾ,
ಹೆಸರು ಕರೆದು, ಎದ್ದೇಳಪ್ಪ ಎಂದು
ಬೆಳಗಿನವರೆಗೆ ನಿಲ್ಲಿಸಿದೆ.

ಒಬ್ಬನ ಎತ್ತರದ ಕಾಲಂ ಖಾಲಿ ಇತ್ತು.
ಯೆರ್ಮಿಲ್, ಹಳ್ಳಿಯ ಹೆಸರು ನೀರು ಬಿದ್ದು ಅಳಿಸಿತ್ತು.
ಅವನಿಗೆ ಎರಡು ಅರ್ಶೀನ್ ಬರೆದೆ,
ಹಳೆಯ ಅಳತೆಯಲ್ಲೇ.