ಕೊನೆಯ ಪಂಕ್ತಿ

ಡ್ಯೂಸ್‌ಬರಿಯ ಹಾಸಿಗೆ ಫ್ಯಾಕ್ಟರಿಯಲ್ಲಿ
ರಾತ್ರಿಪಾಳಿಯ ಹಾಜರಿ ಬರೆಯುವವಳು ನಾನು.
ಊರಿಗೆಲ್ಲ ನಿದ್ದೆ ಹೊಲಿದು ಕಳಿಸುವ ಅರವತ್ತು ಮಂದಿ,
ಒಬ್ಬರ ಕಣ್ಣಿಗೂ ನಿದ್ದೆಯಿಲ್ಲ.

ನನ್ನ ಮೇಜಿನ ಎಡ ಖಾನೆಯಲ್ಲಿ ರಾಜೀನಾಮೆಗಳು.
ಮೊದಲ ವರ್ಷ ಮೊಣಕಾಲಲ್ಲಿ ಒತ್ತಿ ಮುಚ್ಚಬೇಕಿತ್ತು.
ಕಾರಣ ಎಂಬಲ್ಲಿ ಎಲ್ಲರದೂ ಒಂದೇ ಪದ: ವೈಯಕ್ತಿಕ.
ಸ್ಪ್ರಿಂಗ್ ವಿಭಾಗದ ಗಾರೆತ್ ಮಾತ್ರ
ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದ:
‘ಮಷೀನು ನನ್ನ ಒಂದು ಪೌಂಡು ನುಂಗಿತು, ಚಿಪ್ಸು ಕೊಡಲಿಲ್ಲ.
ನಾಲ್ಕನೇ ಸಲ.’

ಆಗ ಊಟವೆಂದರೆ ಆ ಮಷೀನೇ.
ಗಾಜಿನ ಹಿಂದೆ ನೇತಾಡುವ ಪೊಟ್ಟಣ, ಆಸ್ಪತ್ರೆಯಂಥ ಬೆಳಕು.
ಎರಡಕ್ಕೆ ಗಂಟೆಯಾದರೆ
ಒಬ್ಬೊಬ್ಬರು ಒಂದೊಂದು ಗೋಡೆಗೆ ಮುಖ ಮಾಡಿ
ತಮ್ಮ ತಮ್ಮ ಡಬ್ಬಿ, ತಮ್ಮ ತಮ್ಮ ಫೋನು.
ತೆಸ್ಫಾಲೆಮ್ ಕಾರಿನಲ್ಲೇ ಕೂತು ತಿನ್ನುತ್ತಿದ್ದ,
ಎಂಜಿನ್ ಆರಿಸದೆ, ಬಿಸಿಗಾಳಿಗೆಂದು.

ಬೆವರ್ಲಿ ಬಂದದ್ದು ಫೆಬ್ರವರಿಯಲ್ಲಿ.
ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಬಡಿಸಿದ ಕೈ,
ನಿವೃತ್ತಿಯನ್ನು ಮೂರು ವಾರ ತಡೆದುಕೊಂಡಿತ್ತು.
ಎಷ್ಟು ಜನ ಎಂದು ನಾನು ಲೆಕ್ಕ ಹಿಡಿದರೆ
‘ಹೆಸರು ಕೊಡಮ್ಮ’ ಅಂದಳು,
‘ಯಾರು ಏನು ತಿನ್ನಲ್ಲ, ಅದನ್ನೂ ಬರಿ.’

ಬರೆದೆ. ಹಂದಿ ಒಲ್ಲದವರು, ದನ ಒಲ್ಲದವರು,
ಬುಧವಾರ ಶುಕ್ರವಾರ ಹಾಲೂ ಮುಟ್ಟದ ತೆಸ್ಫಾಲೆಮ್,
ಹೊಸ ಹಲ್ಲು ಕಟ್ಟಿಸಿಕೊಂಡು ಮೆತ್ತಗಿನದೇ ಬೇಕೆನ್ನುವ ಮ್ಯಾವಿಸ್,
ಕೊನೆಗೆ, ಸಣ್ಣ ಅಕ್ಷರದಲ್ಲಿ,
ಮೊಟ್ಟೆಯೂ ತಿನ್ನದ ನಾನು.

ನಮ್ಮಲ್ಲೊಂದು ಗಾದೆ: ಬಡಿಸುವವಳು ನಮ್ಮವಳಾದರೆ
ಕೊನೆಯ ಪಂಕ್ತಿಯಾದರೇನು.
ರಾತ್ರಿಪಾಳಿಯೆಂದರೆ ಎಲ್ಲ ದೇಶದಲ್ಲೂ ಕೊನೆಯ ಪಂಕ್ತಿ:
ತಳ ಕೆರೆದದ್ದು, ಆರಿದ್ದು, ಹಗಲಿನವರು ಬಿಟ್ಟದ್ದು.
ಬೆವರ್ಲಿ ನಮ್ಮಲ್ಲಿ ಯಾರವಳೂ ಅಲ್ಲ.
ಆದರೂ ಎರಡು ಗಂಟೆಗೆ ಅವಳು ಮುಚ್ಚಳ ತೆಗೆದಾಗ
ಹಬೆಗೆ ನನ್ನ ಕನ್ನಡಕ ಮಂಜಾಯಿತು.
ಬಟಾಣಿ ಸಾರು, ಮೇಲಿಷ್ಟು ಪುದೀನ.
ಆಗಷ್ಟೇ ಕುದ್ದದ್ದು.

ಯೂನಿಯನ್ನಿನ ಡೆಸ್ಮಂಡ್ ಮೂರು ದಿನ ಚಮಚ ಮುಟ್ಟಲಿಲ್ಲ.
‘ಸಂಬಳ ಕೇಳಿದರೆ ಪೈ ಕೊಡುತ್ತಾರೆ’ ಅಂದ.
ನನಗೆ ನಗು. ಅವನಿಗೆ ಹೇಗೆ ಹೇಳಲಿ,
ನನ್ನಜ್ಜನ ಲೆಕ್ಕದಲ್ಲಿ ಪೈಯೂ ದುಡ್ಡೇ,
ಆಣೆಯ ಹನ್ನೆರಡನೇ ಪಾಲು.
ಆದರೆ ಅವನ ಮಾತು ಸುಳ್ಳಲ್ಲ,
ಮನೆ ಬಾಡಿಗೆಗೆ ಸಾರು ಸಲ್ಲುವುದಿಲ್ಲ.
ನಾಲ್ಕನೇ ದಿನ ತಿಂದ. ಎರಡು ಸಲ ಹಾಕಿಸಿಕೊಂಡ.
ತಟ್ಟೆ ಪಕ್ಕಕ್ಕೆ ಸರಿಸಿ ಅದೇ ಮೇಜಿನಲ್ಲಿ
ಸಂಬಳದ ಅರ್ಜಿಗೆ ಸಹಿ ಹಾಕಿಸತೊಡಗಿದ.
ಗೋಡೆಯಿಂದ ಗೋಡೆಗೆ ಅಲೆಯುವುದು ಅವನಿಗೂ ತಪ್ಪಿತು.

ಈಗ ಹೆಡ್ಡಾಫೀಸಿನ ಪತ್ರ ಬಂದಿದೆ:
ತಲೆಗೆ ಎರಡು ಪೌಂಡು ನಲವತ್ತು ಪೆನ್ಸ್, ಬಂದ ಲಾಭವೇನು?
ಬರೆದೆ: ಬಿಟ್ಟು ಹೋದವರು ಹೋದ ವರ್ಷ ಇಪ್ಪತ್ತಮೂರು,
ಈ ವರ್ಷ ಐದು.
ಹೊಸಬರಿಗೆ ಕೆಲಸ ಕಲಿಸುವ ಖರ್ಚು ಇಷ್ಟು, ಉಳಿದದ್ದು ಇಷ್ಟು.
ಕೆಳಗೆ ಎರಡು ಗೆರೆ ಎಳೆದೆ.

ತೆಸ್ಫಾಲೆಮನ ಮಗಳು ಮೊದಲ ಹೆಜ್ಜೆ ಇಟ್ಟ ವಿಡಿಯೋ
ಬ್ರೆಡ್ಡಿನ ಬುಟ್ಟಿಯ ಜೊತೆ
ಮೇಜಿನ ಈ ತುದಿಯಿಂದ ಆ ತುದಿಗೆ ಹೋಗಿ
ಪರದೆ ತುಂಬ ಬೆಣ್ಣೆ ಬಳಿದುಕೊಂಡು ವಾಪಸಾಯಿತಲ್ಲ,
ಅದನ್ನು ಯಾವ ಕಾಲಮ್ಮಿಗೆ ಹಾಕಲಿ?

ಎಡ ಖಾನೆ ಈಗ ಒಂದು ಬೆರಳಿಗೆ ಮುಚ್ಚುತ್ತದೆ.
ತಳದಲ್ಲಿ ನನ್ನದೇ ಒಂದು ಕಾಗದವಿದೆ,
ಹೋದ ಜನವರಿಯಲ್ಲಿ ಬರೆದು ತಾರೀಕು ಹಾಕದೆ ಬಿಟ್ಟದ್ದು.
ಹರಿದಿಲ್ಲ. ಕೊಟ್ಟೂ ಇಲ್ಲ.
ಅದರ ಮೇಲೆ ಯಾವತ್ತೋ ಇಟ್ಟ ಬಟ್ಟಲಿನ
ಹಸಿರು ಉಂಗುರ.

ಐದೂವರೆಗೆ ಕೋಟು ತೊಡುತ್ತಾ ಬೆವರ್ಲಿ
ಬಾಗಿಲಲ್ಲಿ ತಲೆ ತೂರಿಸುತ್ತಾಳೆ:
‘ನಾಳೆ ಕುಂಬಳಕಾಯಿ. ಬರ್ತೀಯಲ್ಲ?’